ಡ್ರೋನ್‌ಗೆ ಹೊಸ ಜಿಪಿಎಸ್ ಮಾಡ್ಯೂಲ್ ಹಾಕುವುದು: ಆರಿಸುವುದರಿಂದ ಮೊದಲ ಹಾರಾಟದವರೆಗೆ

ಸ್ಟಿಕ್ ಬಿಟ್ಟರೆ ಡ್ರೋನ್ ನಿಂತಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಸ್ಯಾಟಲೈಟ್ ಸಿಗಲಿ ಅಂತ ನಿಮಿಷಗಟ್ಟಲೆ ಕಾಯಬೇಕು. ಹೊರಟ ಜಾಗಕ್ಕೆ ತಾನಾಗಿ ವಾಪಸ್ ಬರಲು ಹೇಳುವ ರಿಟರ್ನ್ ಟು ಹೋಮ್ ಒತ್ತುವುದಕ್ಕೆ ಧೈರ್ಯವೇ ಬರುವುದಿಲ್ಲ. ಹೀಗಾದಾಗ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ, ಜಿಪಿಎಸ್ ಹಳೆಯದಾಯ್ತು, ಹೊಸದು ಹಾಕೋಣ ಅಂತ. ಹಾಕಿ, ತಪ್ಪೇನಿಲ್ಲ. ಆದರೆ ಹೊಸ ಮಾಡ್ಯೂಲನ್ನು ಹಳೆಯದು ಕೂತಿದ್ದ ಜಾಗದಲ್ಲೇ ಕೂರಿಸಿದರೆ ಹಳೆಯ ತೊಂದರೆಯೇ ಮುಂದುವರಿಯುವುದು ಜಾಸ್ತಿ. ಚಿಪ್ ಯಾವ ಕಾಲದ್ದು ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ, ಅದರ ಅಕ್ಕಪಕ್ಕ ಏನಿದೆ ಅನ್ನುವುದೇ ದೊಡ್ಡ ವಿಷಯ. ಅದಕ್ಕೇ ಇಲ್ಲಿ ಬೆಸುಗೆಗಿಂತ ಜಾಗದ ಮಾತು ಹೆಚ್ಚಿದೆ.

ಇದು ಬೀಟಾಫ್ಲೈಟ್, ಐನ್ಯಾವ್, ಆರ್ಡುಪೈಲಟ್ ಥರದ ಓಪನ್ ಸೋರ್ಸ್ ಫರ್ಮ್‌ವೇರ್ (ಡ್ರೋನಿನೊಳಗಿನ ತಂತ್ರಾಂಶ) ಇರುವ ಡ್ರೋನ್‌ಗಳಿಗೆ ಬರೆದದ್ದು. ಕಂಪನಿಯಿಂದ ಸಿದ್ಧವಾಗಿ ಬರುವ ಕ್ಯಾಮೆರಾ ಡ್ರೋನ್‌ಗಳಲ್ಲಿ ಜಿಪಿಎಸ್ ಅದರದೇ ಬೋರ್ಡ್, ಅದರದೇ ಫರ್ಮ್‌ವೇರ್ ಜೊತೆ ಬೆಸೆದುಕೊಂಡಿರುತ್ತದೆ. ಅಲ್ಲಿ ಕೆಟ್ಟರೆ ಅದೇ ಮಾದರಿಯ ಬಿಡಿಭಾಗ ಹಾಕಬಹುದು, ಅಷ್ಟೇ.

ಬಿಚ್ಚುವ ಮೊದಲು ಹಳೆಯದನ್ನು ಅಳೆಯಿರಿ

ಪ್ರೊಪೆಲರ್ ನಾಲ್ಕನ್ನೂ ತೆಗೆದಿಡಿ. ಮೇಲೆ ಏನೂ ಅಡ್ಡ ಇಲ್ಲದ ಬಯಲಿಗೆ ಡ್ರೋನ್ ಮತ್ತು ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ. ಮನೆಯೊಳಗೆ, ಕಿಟಕಿ ಪಕ್ಕ ಇಟ್ಟು ಅಳೆದ ಲೆಕ್ಕ ಯಾವ ಕೆಲಸಕ್ಕೂ ಬರುವುದಿಲ್ಲ.

ಮೂರು ಸಂಗತಿ ಬರೆದುಕೊಳ್ಳಿ. ಆನ್ ಮಾಡಿದ ಮೇಲೆ 3ಡಿ ಫಿಕ್ಸ್ (ಎತ್ತರವೂ ಸೇರಿ ಸ್ಥಾನ ಗೊತ್ತಾಗುವುದು) ಬರಲು ಎಷ್ಟು ಹೊತ್ತಾಯಿತು, ಎಷ್ಟು ಸ್ಯಾಟಲೈಟ್ ಸಿಕ್ಕವು, ಎಚ್‌ಡಿಒಪಿ ಎಷ್ಟಿದೆ. ಈ ಎಚ್‌ಡಿಒಪಿಯನ್ನು ಬಹಳ ಜನ ನೋಡುವುದೇ ಇಲ್ಲ. ಸ್ಯಾಟಲೈಟ್‌ಗಳು ಆಕಾಶದಲ್ಲಿ ಎಷ್ಟು ಚೆನ್ನಾಗಿ ಹರಡಿಕೊಂಡಿವೆ ಅಂತ ಅದು ಹೇಳುತ್ತದೆ. ಎಲ್ಲವೂ ಒಂದೇ ಮೂಲೆಯಲ್ಲಿದ್ದರೆ ಹನ್ನೆರಡು ಸಿಕ್ಕರೂ ಸ್ಥಾನ ಸರಿ ಬರುವುದಿಲ್ಲ. ಈ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಆರ್ಡುಪೈಲಟ್ ಡೀಫಾಲ್ಟ್ ಆಗಿ 1.4ಕ್ಕಿಂತ ಕೆಳಗಿದ್ದರೆ ಮಾತ್ರ ಒಪ್ಪುತ್ತದೆ. 1ಕ್ಕಿಂತ ಕೆಳಗಿದ್ದರೆ ಚಿಂತೆಯೇ ಇಲ್ಲ.

ಇದಾದ ಮೇಲೆ ನಿಜವಾದ ಪರೀಕ್ಷೆ. ಮೊದಲು ಯುಎಸ್‌ಬಿ ವಿದ್ಯುತ್ತಲ್ಲಿ ಮಾತ್ರ ಜಿಪಿಎಸ್ ಓಡಿಸಿ, ಒಂದೊಂದು ಸ್ಯಾಟಲೈಟ್‌ನ ಸಿಗ್ನಲ್ ಬಲ ನೋಡಿ. ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ ಮಾಡುವ ತಂತ್ರಾಂಶ, ಅಂದರೆ ಕಾನ್ಫಿಗರೇಟರ್‌ನ ಜಿಪಿಎಸ್ ಟ್ಯಾಬಿನಲ್ಲಿ ಇದು ಪಟ್ಟಿಯಾಗಿ ಕಾಣುತ್ತದೆ. ತಲೆ ಮೇಲಿರುವ ಸ್ಯಾಟಲೈಟ್‌ಗಳಿಗೆ 40ರ ಆಸುಪಾಸು ಬಂದರೆ ಚೆನ್ನಾಗಿದೆ ಅಂತ ಅರ್ಥ. 30ಕ್ಕಿಂತ ಕೆಳಗೆ ಇಳಿದರೆ ಸೊರಗಿದೆ. ಈಗ ಬ್ಯಾಟರಿ ಚುಚ್ಚಿ, ಕ್ಯಾಮೆರಾ ಮತ್ತು ವಿಡಿಯೋ ಟ್ರಾನ್ಸ್‌ಮಿಟರ್ ಆನ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ. ಸಂಖ್ಯೆಗಳು ಧಡಾರನೆ ಬಿದ್ದವಾ? ಹಾಗಾದರೆ ಮಾಡ್ಯೂಲ್ ಮೇಲೆ ತಪ್ಪು ಹೊರಿಸಬೇಡಿ, ತಪ್ಪು ನೆರೆಯವರದು. ಜಾಗ ಬದಲಿಸಿದರೇ ಮುಕ್ಕಾಲು ಪಾಲು ಸರಿಹೋಗುತ್ತದೆ, ಖರ್ಚಿಲ್ಲದೆ.

ಯಾವ ಮಾಡ್ಯೂಲ್?

ಹವ್ಯಾಸಿ ಡ್ರೋನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಯು-ಬ್ಲಾಕ್ಸ್ ಚಿಪ್‌ಗಳೇ. ಹಳೆಯ ನಿಯೋ-6ಎಂ ಅಮೆರಿಕದ ಜಿಪಿಎಸ್ ಸ್ಯಾಟಲೈಟ್‌ಗಳನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಸೆಕೆಂಡಿಗೆ ಹೆಚ್ಚೆಂದರೆ 5 ಸಲ ಸ್ಥಾನ ಹೇಳುತ್ತದೆ. ನಿಮ್ಮಲ್ಲಿ ಇದೇ ಇದ್ದರೆ ಬದಲಿಸುವುದು ಖಂಡಿತ ಸರಿ. ಎಂ8ಎನ್ ಬಂದಾಗ ಒಂದೇ ಸಲಕ್ಕೆ ಮೂರು ವ್ಯವಸ್ಥೆಗಳನ್ನು ಬಳಸುವ ಅನುಕೂಲ ಸಿಕ್ಕಿತು. ಎಂ9ಎನ್ ಮತ್ತು ಎಂ10 ಚಿಪ್‌ಗಳು ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ ನಾಲ್ಕನ್ನೂ ಒಟ್ಟಿಗೆ ಹಿಡಿಯುತ್ತವೆ. ಎಂ10ಗೆ ವಿದ್ಯುತ್ ತುಂಬ ಕಡಿಮೆ ಸಾಕು, ಹಾಗಾಗಿ ಬಿಸಿಯೂ ಆಗುವುದಿಲ್ಲ. ಇವತ್ತು ಹೊಸದಾಗಿ ಕೊಳ್ಳುವುದಾದರೆ ಎಂ10 ತೆಗೆದುಕೊಳ್ಳಿ, ಬೇರೆ ಯೋಚನೆ ಬೇಡ.

ಎಂ8ಎನ್‌ನಿಂದ ಎಂ10ಗೆ ಹೋದರೆ ಎಷ್ಟು ವ್ಯತ್ಯಾಸ? ಕಾಗದದ ಮೇಲೆ ನಿಖರತೆ 2.5 ಮೀಟರ್ ಇದ್ದದ್ದು 1.5 ಮೀಟರ್ ಆಗುತ್ತದೆ. ಆದರೆ ನಿಮಗೆ ಅನುಭವಕ್ಕೆ ಬರುವುದು ಬೇರೆ. ಫಿಕ್ಸ್ ಬೇಗ ಬರುತ್ತದೆ, ಮರಗಳ ಪಕ್ಕ, ಕಟ್ಟಡದ ಪಕ್ಕ ಹಾರಿಸುವಾಗ ಅರ್ಧ ಆಕಾಶ ಮುಚ್ಚಿದರೂ ಸಾಕಷ್ಟು ಸ್ಯಾಟಲೈಟ್ ಉಳಿಯುತ್ತವೆ. ಸೆಂಟಿಮೀಟರ್ ಮಟ್ಟದ ನಿಖರತೆ ಬೇಕು ಅನ್ನುವವರಿಗೆ ಎಫ್9ಪಿ ಇದೆ. ಅದಕ್ಕೆ ನೆಲದಲ್ಲಿ ಇನ್ನೊಂದು ಬೇಸ್ ಸ್ಟೇಷನ್ ಅಥವಾ ಇಂಟರ್ನೆಟ್ಟಿನಿಂದ ಬರುವ ತಿದ್ದುಪಡಿ ಮಾಹಿತಿ ಬೇಕು. ಅಳತೆಯ ಕೆಲಸಕ್ಕೆ ಸರಿ, ಸುಮ್ನೆ ಹಾರಿಸುವವರಿಗೆ ಭಾರ.

ಕೊಳ್ಳುವಾಗ ಚಿಪ್ ಹೆಸರಿಗಿಂತ ಮೊದಲು ಮೇಲಿರುವ ಸೆರಾಮಿಕ್ ಆಂಟೆನಾ ನೋಡಿ. ಚೌಕನೆಯ ಬಿಳಿ ಅಥವಾ ಕಂದು ಬಣ್ಣದ ಬಿಲ್ಲೆ, ಮಧ್ಯೆ ಒಂದು ಬೆಸುಗೆಯ ಚುಕ್ಕೆ. 25 ಮಿಲಿಮೀಟರ್ ಅಗಲದ್ದು 18ಕ್ಕಿಂತ, 18ರದ್ದು 12ಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಪುಟ್ಟ ಆಂಟೆನಾದ ಎಂ10ಗಿಂತ ದೊಡ್ಡ ಆಂಟೆನಾದ ಎಂ8ಎನ್ ಗೆಲ್ಲುವುದೂ ಉಂಟು. ಜಾಗ, ತೂಕ ಎಷ್ಟು ಬಿಡುತ್ತದೋ ಅಷ್ಟು ದೊಡ್ಡದು ಹಾಕಿ.

ಮಾಡ್ಯೂಲ್ ಮೇಲೆ ಪುಟ್ಟ ಬ್ಯಾಕಪ್ ಬ್ಯಾಟರಿ ಅಥವಾ ಸೂಪರ್ ಕೆಪಾಸಿಟರ್ ಇದೆಯಾ ನೋಡಿ. ಪ್ರತಿ ಜಿಪಿಎಸ್ ಸ್ಯಾಟಲೈಟ್ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ಅದೂ ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ಒಮ್ಮೆ ಸಿಕ್ಕ ಆ ವಿವರ ಸುಮಾರು ನಾಲ್ಕು ಗಂಟೆ ಬಳಕೆಗೆ ಬರುತ್ತದೆ. ಬ್ಯಾಕಪ್ ಇದ್ದರೆ ಬ್ಯಾಟರಿ ಬದಲಿಸಿದಾಗ ಅದು ನೆನಪಿನಲ್ಲಿರುತ್ತದೆ, ಕೆಲವೇ ಸೆಕೆಂಡಿನಲ್ಲಿ ಫಿಕ್ಸ್ ಬರುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಮೊದಲಿನಿಂದ ಶುರು. ಇನ್ನೊಂದು ಕಾರಣಕ್ಕೂ ಇದು ಬೇಕು. ಎಂ10 ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಶ್ ಮೆಮೊರಿ ಇರುವುದಿಲ್ಲ. ನೀವು ಮಾಡಿದ ಸೆಟ್ಟಿಂಗ್ ಬ್ಯಾಕಪ್ ವಿದ್ಯುತ್ ಇರುವವರೆಗೆ ಮಾತ್ರ ಉಳಿಯುತ್ತದೆ. ಡ್ರೋನನ್ನು ನಡೆಸುವ ಮುಖ್ಯ ಬೋರ್ಡು, ಅಂದರೆ ಫ್ಲೈಟ್ ಕಂಟ್ರೋಲರ್, ಪ್ರತಿ ಸಲ ಸೆಟ್ಟಿಂಗ್ ಕಳಿಸುವ ಹಾಗೆ ಮಾಡಿದರೆ ಇದರ ಚಿಂತೆ ಇರುವುದಿಲ್ಲ.

ಕಂಪಾಸ್ ಬೇಕಾ ಬೇಡವಾ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಆರ್ಡುಪೈಲಟ್, ಐನ್ಯಾವ್‌ನಲ್ಲಿ ಕ್ವಾಡ್ (ನಾಲ್ಕು ಮೋಟಾರಿನ ಡ್ರೋನ್) ಒಂದೇ ಕಡೆ ನಿಲ್ಲಬೇಕಾದರೆ ಸಾಮಾನ್ಯವಾಗಿ ಬೇಕು. ಬೀಟಾಫ್ಲೈಟ್‌ನಲ್ಲಿ ಡ್ರೋನನ್ನು ವಾಪಸ್ ಕರೆತರುವ ಜಿಪಿಎಸ್ ರೆಸ್ಕ್ಯೂಗೆ ಬೇಕಾಗಿಲ್ಲ, ಡ್ರೋನ್ ಸಾಗುವ ದಿಕ್ಕನ್ನು ನೋಡಿ ಅದು ಅಂದಾಜು ಮಾಡಿಕೊಳ್ಳುತ್ತದೆ. ಐದು ಇಂಚಿನ ಚಿಕ್ಕ ಕ್ವಾಡ್‌ನಲ್ಲಿ ಕರೆಂಟ್ ವೈರ್‌ಗಳ ಮೇಲೆಯೇ ಕೂರುವ ಕಂಪಾಸ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಜಾಗ ಹುಡುಕುವುದು

ಈ ಸ್ಯಾಟಲೈಟ್‌ಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ನೆಲ ಮುಟ್ಟುವ ಹೊತ್ತಿಗೆ ಸಿಗ್ನಲ್ ಮೈನಸ್ 130 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸಿಗೆ ಇಳಿದಿರುತ್ತದೆ. ಅದರ ಪಕ್ಕದಲ್ಲೇ ನೀವು ಅರ್ಧ ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟಿರುತ್ತೀರಿ. ಮೈಕ್ ಕಟ್ಟಿದ ಮನೆಯ ಪಕ್ಕ ಕೂತು ಪಿಸುಮಾತು ಕೇಳಿಸಿಕೊಂಡ ಹಾಗೆ ಆಗುತ್ತದೆ ಮಾಡ್ಯೂಲಿನ ಪಾಡು.

ಜಿಪಿಎಸ್ ಕೆಲಸ ಮಾಡುವುದು 1575.42 ಮೆಗಾಹರ್ಟ್ಜ್‌ನಲ್ಲಿ. 1.2 ಅಥವಾ 1.3 ಗಿಗಾಹರ್ಟ್ಜ್ ವಿಡಿಯೋ ಬಳಸುವವರಿಗೆ ಇದು ದೊಡ್ಡ ತಲೆನೋವು, ಎರಡೂ ತುಂಬ ಹತ್ತಿರ. 5.8 ಗಿಗಾಹರ್ಟ್ಜ್ ಆಂಟೆನಾದಿಂದ ನೇರ ತೊಂದರೆ ಕಡಿಮೆ. ಆದರೆ ಎಚ್‌ಡಿ ಕ್ಯಾಮೆರಾ, ಅದರ ರಿಬ್ಬನ್ ಕೇಬಲ್, ವಿದ್ಯುತ್ ರೆಗ್ಯುಲೇಟರ್‌ಗಳು ಎಲ್ಲ ಫ್ರೀಕ್ವೆನ್ಸಿಗೂ ಚೆಲ್ಲುವ ಗದ್ದಲ ಮಾತ್ರ ಬಿಡುವುದಿಲ್ಲ. ಯುಎಸ್‌ಬಿ 3 ಕೇಬಲ್ ಇದ್ದರೆ ಅದೂ ಅಷ್ಟೇ.

ಹಾಗಾದರೆ ಎಲ್ಲಿ ಇಡುವುದು? ಆಂಟೆನಾ ಮುಖ ಆಕಾಶಕ್ಕೆ, ಮಟ್ಟಸವಾಗಿ. ಮೇಲೆ ಬ್ಯಾಟರಿ, ಪಟ್ಟಿ, ಕ್ಯಾಮೆರಾ ಏನೂ ಬರಬಾರದು. ಕಾರ್ಬನ್ ಫೈಬರ್ ವಿದ್ಯುತ್ ಹರಿಸುವ ವಸ್ತು, ರೇಡಿಯೋ ಸಿಗ್ನಲ್ ಅದರ ಮೂಲಕ ದಾಟುವುದಿಲ್ಲ, ಆದ್ದರಿಂದ ಮೇಲಿನ ಪ್ಲೇಟಿನ ಕೆಳಗೆ ತುರುಕಬೇಡಿ. ತೆಳ್ಳಗಿನ ಪ್ಲಾಸ್ಟಿಕ್ ಮುಚ್ಚಳ ಪರವಾಗಿಲ್ಲ. ಕ್ಯಾಮೆರಾ ಮುಂದಿದ್ದರೆ ಜಿಪಿಎಸ್ ಹಿಂದೆ ಇರಲಿ. ವಿಡಿಯೋ ಆಂಟೆನಾ ಹಿಂದಿದ್ದರೆ ಅದರಿಂದಲೂ ಆದಷ್ಟು ದೂರ ಸರಿಸಿ. ಚಿಕ್ಕ ಫ್ರೇಮಿನಲ್ಲಿ ಎರಡೂ ಕಷ್ಟ, ಒಪ್ಪಿಕೊಳ್ಳುತ್ತೇನೆ. ಅಲ್ಲಿ ಹಿಂಬದಿಗೆ ಚಾಚಿದ ಒಂದು ಟಿಪಿಯು (ಬಾಗುವ ಪ್ಲಾಸ್ಟಿಕ್) ಹೋಲ್ಡರನ್ನು 3ಡಿ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳುವುದೇ ದಾರಿ.

ಕಂಪಾಸ್ ಇರುವ ಮಾಡ್ಯೂಲ್ ಆದರೆ ಇನ್ನಷ್ಟು ಬಿಗಿ. ಕರೆಂಟ್ ಹರಿಯುವ ಪ್ರತಿ ವೈರ್ ಸುತ್ತ ಮ್ಯಾಗ್ನೆಟಿಕ್ ಫೀಲ್ಡ್ ಇರುತ್ತದೆ. ಥ್ರಾಟಲ್ ಕೊಟ್ಟಾಗಲೆಲ್ಲ ಅದು ಏರುತ್ತದೆ, ಉತ್ತರ ಯಾವುದು ಅನ್ನುವುದೇ ಕಂಪಾಸ್‌ಗೆ ತಪ್ಪಿಹೋಗುತ್ತದೆ. ದೊಡ್ಡ ಡ್ರೋನ್‌ಗಳಲ್ಲಿ ಕಡ್ಡಿ ನಿಲ್ಲಿಸಿ ಅದರ ತುದಿಗೆ ಜಿಪಿಎಸ್ ಇಡುವುದು ಇದಕ್ಕೇ. ಹತ್ತು ಸೆಂಟಿಮೀಟರ್ ಮೇಲಕ್ಕೆ ಎತ್ತಿದರೂ ಬಹಳ ವ್ಯತ್ಯಾಸ ಕಾಣುತ್ತದೆ. ಬ್ಯಾಟರಿಯ ಕೆಂಪು, ಕಪ್ಪು ವೈರ್‌ಗಳನ್ನು ಒಂದಕ್ಕೊಂದು ಹೆಣೆದುಬಿಡಿ. ಎರಡರಲ್ಲಿ ಕರೆಂಟ್ ಎದುರುಬದುರು ಹರಿಯುವುದರಿಂದ ಫೀಲ್ಡ್ ಬಹುಮಟ್ಟಿಗೆ ರದ್ದಾಗುತ್ತದೆ. ಮಾಡ್ಯೂಲಿನ ಹತ್ತಿರ ಉಕ್ಕಿನ ಸ್ಕ್ರೂ ಬೇಡ, ನೈಲಾನ್ ಅಥವಾ ಹಿತ್ತಾಳೆಯದು ಹಾಕಿ. ಬಜರ್‌ನೊಳಗೂ ಅಯಸ್ಕಾಂತ ಇರುತ್ತದೆ, ಅದನ್ನು ಜಿಪಿಎಸ್ ಕಡ್ಡಿಗೇ ಕಟ್ಟಬೇಡಿ. ಕಡ್ಡಿ ಅಲ್ಲಾಡಬಾರದು, ಮಡಚುವ ಥರದ್ದಾದರೆ ಬೀಗ ಬಿಗಿ ಇದೆಯಾ ಪ್ರತಿ ಸಲ ಕೈಯಿಂದ ತಿರುಗಿಸಿ ನೋಡಿ. ಹತ್ತು ಡಿಗ್ರಿ ತಿರುಗಿದರೂ ದಿಕ್ಕು ಹತ್ತು ಡಿಗ್ರಿ ತಪ್ಪಿದಂತೆಯೇ.

ವೈರ್ ಜೋಡಿಸುವುದು

ಕಂಪಾಸ್ ಇರುವ ಮಾಡ್ಯೂಲಿಗೆ ಸಾಮಾನ್ಯವಾಗಿ ಆರು ವೈರ್ ಇರುತ್ತವೆ. ಐದು ವೋಲ್ಟ್, ಗ್ರೌಂಡ್, ಟಿಎಕ್ಸ್ (ಡೇಟಾ ಕಳಿಸುವುದು), ಆರ್‌ಎಕ್ಸ್ (ಡೇಟಾ ಪಡೆಯುವುದು) ಇವು ಜಿಪಿಎಸ್‌ಗೆ. ಎಸ್‌ಡಿಎ, ಎಸ್‌ಸಿಎಲ್ ಇವು ಕಂಪಾಸ್‌ಗೆ. ಮಾಡ್ಯೂಲಿನ ಟಿಎಕ್ಸ್ ಫ್ಲೈಟ್ ಕಂಟ್ರೋಲರಿನ ಆರ್‌ಎಕ್ಸ್‌ಗೆ ಹೋಗಬೇಕು, ಆರ್‌ಎಕ್ಸ್ ಟಿಎಕ್ಸ್‌ಗೆ. ಎಸ್‌ಡಿಎ ಮಾತ್ರ ಎಸ್‌ಡಿಎಗೇ, ಎಸ್‌ಸಿಎಲ್ ಎಸ್‌ಸಿಎಲ್‌ಗೇ. ಟಿಎಕ್ಸ್, ಆರ್‌ಎಕ್ಸ್ ಅದಲುಬದಲಾದರೆ ಏನೂ ಸುಡುವುದಿಲ್ಲ, ಡೇಟಾ ಬರುವುದಿಲ್ಲ ಅಷ್ಟೇ. ವಿದ್ಯುತ್ ಮತ್ತು ಗ್ರೌಂಡ್ ಅದಲುಬದಲಾದರೆ ಮಾತ್ರ ಮಾಡ್ಯೂಲ್ ಹೋಯಿತು ಅಂತಲೇ ಲೆಕ್ಕ.

ವೈರಿನ ಬಣ್ಣ ನಂಬಬೇಡಿ. ಹಳೆಯ ಮಾಡ್ಯೂಲಿನ ಕನೆಕ್ಟರ್ ಹೊಸದಕ್ಕೆ ಸಲೀಸಾಗಿ ಕೂತರೂ ಪಿನ್‌ಗಳ ಕ್ರಮ ಬೇರೆ ಇರಬಹುದು. ಬೋರ್ಡಿನ ಹಿಂಬದಿ ಮುದ್ರಿಸಿದ ಅಕ್ಷರ ಓದಿ, ಮಲ್ಟಿಮೀಟರಿನಲ್ಲಿ ಗ್ರೌಂಡ್ ಖಚಿತ ಮಾಡಿಕೊಂಡು ಆಮೇಲೆ ಚುಚ್ಚಿ. ಪುಟ್ಟ ಜೆಎಸ್‌ಟಿ ಕನೆಕ್ಟರಿನಲ್ಲಿ ಕ್ರಮ ಬದಲಿಸಬೇಕಾದರೆ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿ ಮೊನೆಯಿಂದ ಕೂದಲೆಳೆಯಷ್ಟು ಎತ್ತಿ, ವೈರ್ ಹಿಂದಕ್ಕೆ ಎಳೆದರೆ ಪಿನ್ ಹೊರಬರುತ್ತದೆ. ಸರಿಯಾದ ತೂತಿಗೆ ತಳ್ಳಿದಾಗ ಟಿಕ್ ಅನ್ನಬೇಕು. ನಾಲಿಗೆ ಮುರಿದರೆ ವೈರ್ ನಿಲ್ಲುವುದಿಲ್ಲ, ಆತುರ ಬೇಡ.

ಕೆಲವು ಕಂಟ್ರೋಲರ್‌ಗಳಲ್ಲಿ 4ವಿ5 ಅಂತ ಬರೆದ ಪ್ಯಾಡ್ ಇರುತ್ತದೆ. ಯುಎಸ್‌ಬಿ ಚುಚ್ಚಿದಾಗಲೂ ಅದರಲ್ಲಿ ವಿದ್ಯುತ್ ಬರುತ್ತದೆ. ಜಿಪಿಎಸ್‌ಗೆ ಅದೇ ಒಳ್ಳೆಯದು. ಬ್ಯಾಟರಿ ಹಾಕದೆ, ವಿಡಿಯೋ ಟ್ರಾನ್ಸ್‌ಮಿಟರ್ ಬಿಸಿ ಮಾಡದೆ ಎಷ್ಟು ಹೊತ್ತು ಬೇಕಾದರೂ ಕೂತು ಸೆಟ್ಟಿಂಗ್ ಮಾಡಬಹುದು. ಎಸ್‌ಡಿಎ, ಎಸ್‌ಸಿಎಲ್ ವೈರ್‌ಗಳು ಆದಷ್ಟು ಮೊಟಕಾಗಿರಲಿ, ಮೋಟಾರ್ ವೈರ್‌ಗಳ ಪಕ್ಕ ಹಾಯಿಸಬೇಡಿ.

ಫರ್ಮ್‌ವೇರ್ ಸೆಟ್ಟಿಂಗ್

ಮೊದಲು ಈಗಿರುವ ಸೆಟ್ಟಿಂಗ್ ಪೂರ್ತಿ ಬ್ಯಾಕಪ್ ತೆಗೆದಿಡಿ. ಎಂ10 ಹಾಕುತ್ತಿದ್ದು, ಫರ್ಮ್‌ವೇರ್ ವರ್ಷಗಳ ಹಿಂದಿನದಾದರೆ ಅದನ್ನೂ ಹೊಸದು ಮಾಡಿ. ಎಂ10ನ ಸೆಟ್ಟಿಂಗ್ ಭಾಷೆ ಹಳೆಯ ಚಿಪ್‌ಗಳಿಗಿಂತ ಬೇರೆ, ಹಳೆಯ ಫರ್ಮ್‌ವೇರ್‌ಗೆ ಅದು ಗೊತ್ತಿರುವುದಿಲ್ಲ.

ಬೀಟಾಫ್ಲೈಟ್, ಐನ್ಯಾವ್‌ನಲ್ಲಿ ಪೋರ್ಟ್ಸ್ ಟ್ಯಾಬಿಗೆ ಹೋಗಿ, ವೈರ್ ಹಾಕಿದ ಯುಆರ್ಟ್ (ಸೀರಿಯಲ್ ಪೋರ್ಟ್) ಎದುರು ಸೆನ್ಸರ್ ಅನ್ನುವ ಕಡೆ ಜಿಪಿಎಸ್ ಆರಿಸಿ. ಆಮೇಲೆ ಜಿಪಿಎಸ್ ಆನ್ ಮಾಡಿ, ಪ್ರೋಟೋಕಾಲ್ ಯುಬ್ಲಾಕ್ಸ್ ಕೊಡಿ. ಬೀಟಾಫ್ಲೈಟ್‌ನಲ್ಲಿ ಆಟೋ ಕಾನ್ಫಿಗ್ ಆನ್ ಇರಲಿ. ಗೆಲಿಲಿಯೋ ಬಳಸುವ ಆಯ್ಕೆ ಬೇರೆಯಾಗಿ ಇದ್ದರೆ ಅದನ್ನೂ ಹಾಕಿ. ಆರ್ಡುಪೈಲಟ್‌ನಲ್ಲಿ ಆ ಸೀರಿಯಲ್ ಪೋರ್ಟಿನ ಪ್ರೋಟೋಕಾಲ್ 5 ಇರಬೇಕು, ಜಿಪಿಎಸ್ ಟೈಪ್ 1 ಅಂದರೆ ತಾನಾಗಿ ಗುರುತಿಸು ಅಂತ.

ಬಾಡ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಹೋಗುತ್ತದೆ ಅನ್ನುವುದು, 115200 ಇರಲಿ. ಮಾಡ್ಯೂಲ್ 9600ರಲ್ಲೇ ನಿಂತುಬಿಟ್ಟರೆ ಏನಾಗುತ್ತದೆ ಲೆಕ್ಕ ಹಾಕಿ ನೋಡಿ. ಸ್ಥಾನ, ವೇಗ ಹೇಳುವ ಒಂದು ಸಂದೇಶ 100 ಬೈಟ್. ಸೆಕೆಂಡಿಗೆ 10 ಸಲ ಅಂದರೆ 1000 ಬೈಟ್. ಒಂದು ಬೈಟಿಗೆ ಹತ್ತು ಬಿಟ್ ಹಿಡಿದರೆ 10,000 ಬಿಟ್. 9600ರಲ್ಲಿ ಅದು ಹಿಡಿಸುವುದೇ ಇಲ್ಲ! ಡೇಟಾ ಬಿಟ್ಟುಬಿಟ್ಟು ಬರುತ್ತದೆ, ಫಿಕ್ಸ್ ಬಂದು ಹೋಗಿ ಮಾಡುತ್ತದೆ, ನೀವು ಆಂಟೆನಾ ಬೈಯುತ್ತೀರಿ.

ಸ್ಕ್ರೀನ್ ಮೇಲಿನ ಜಿಪಿಎಸ್ ಗುರುತಿಗೆ ಬಣ್ಣ ಬಂದರೆ ಮಾಡ್ಯೂಲ್ ಮಾತಾಡುತ್ತಿದೆ ಅಂತ. ಫಿಕ್ಸ್ ಬಂದಿದೆ ಅಂತಲ್ಲ.

ಕಂಪಾಸ್: ದಿಕ್ಕು ಮತ್ತು ಕ್ಯಾಲಿಬ್ರೇಷನ್

ಕಂಪಾಸ್ ಇಲ್ಲದವರು ಈ ಭಾಗ ದಾಟಿ ಹೋಗಿ. ಇರುವವರು ನಿಧಾನವಾಗಿ ಓದಿ, ಯಾಕೆಂದರೆ ಡ್ರೋನ್ ಓಡಿಹೋಗುವುದು ಹೆಚ್ಚಾಗಿ ಇಲ್ಲಿಯ ಎಡವಟ್ಟಿನಿಂದ.

ಹಲವು ಮಾಡ್ಯೂಲ್‌ಗಳಲ್ಲಿ ಕಂಪಾಸ್ ಚಿಪ್ ಬೋರ್ಡಿನ ಕೆಳಬದಿಯಲ್ಲಿ, ತಲೆಕೆಳಗಾಗಿ ಕೂತಿರುತ್ತದೆ. ಬಾಣದ ಗುರುತು ಮುಂದಕ್ಕಿಟ್ಟರೂ ಚಿಪ್ಪಿನ ಮುಖ ಬೇರೆ ಕಡೆ ಇರುತ್ತದೆ. ಫರ್ಮ್‌ವೇರ್‌ಗೆ ಇದನ್ನು ಹೇಳಬೇಕು. 270 ಡಿಗ್ರಿ ಫ್ಲಿಪ್ ಅನ್ನುವುದು ತುಂಬ ಕಡೆ ಸರಿ ಹೊಂದುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಆರ್ಡುಪೈಲಟ್ ಹೊರಗಿನ ಕಂಪಾಸ್ ಆದರೆ ಕ್ಯಾಲಿಬ್ರೇಷನ್ (ಕಂಪಾಸ್ ಲೆಕ್ಕ ಸರಿಹೊಂದಿಸುವುದು) ಮಾಡುವಾಗ ದಿಕ್ಕನ್ನು ತಾನೇ ಕಂಡುಹಿಡಿಯುತ್ತದೆ.

ಕ್ಯಾಲಿಬ್ರೇಷನ್ ಬಯಲಲ್ಲೇ ಮಾಡಿ. ಕಾರು, ಬೈಕು, ಕಬ್ಬಿಣದ ಬೇಲಿ, ಕಾಂಕ್ರೀಟಿನೊಳಗಿನ ಸರಳು ಎಲ್ಲವೂ ದೂರ ಇರಲಿ. ಜೇಬಿನ ಫೋನು, ಬೀಗದಕೈ, ಕೈಗಡಿಯಾರ ತೆಗೆದಿಡಿ. ಬೀಟಾಫ್ಲೈಟ್, ಐನ್ಯಾವ್‌ನಲ್ಲಿ ಬಟನ್ ಒತ್ತಿದ ಮೇಲೆ 30 ಸೆಕೆಂಡ್ ಸಿಗುತ್ತದೆ. ಅಷ್ಟರಲ್ಲಿ ಮೂಗು ಮೇಲೆ, ಕೆಳಗೆ, ಎಡ, ಬಲ, ನೆಟ್ಟಗೆ, ತಲೆಕೆಳಗೆ ಹೀಗೆ ಆರೂ ಮುಖದಲ್ಲಿ ಒಂದೊಂದು ಸುತ್ತು ತಿರುಗಿಸಿ. ಯುಎಸ್‌ಬಿ ವೈರ್ ಉದ್ದ ಇರಲಿ, ಇಲ್ಲದಿದ್ದರೆ ನೀವೇ ಅದಕ್ಕೆ ಸುತ್ತಿಕೊಳ್ಳುತ್ತೀರಿ.

ಮುಗಿದ ಮೇಲೆ ಪರೀಕ್ಷೆ. ಫೋನಿನ ಕಂಪಾಸ್ ನೋಡಿ ಮೂಗನ್ನು ಉತ್ತರಕ್ಕೆ ಹಿಡಿಯಿರಿ, ಫೋನನ್ನು ದೂರ ಇಡಿ. ಸ್ಕ್ರೀನಿನಲ್ಲಿ 0 ಅಥವಾ 360ರ ಹತ್ತಿರ ಬರಬೇಕು. ಪೂರ್ವಕ್ಕೆ ತಿರುಗಿಸಿದರೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270. ಇಲ್ಲಿಗೇ ನಿಲ್ಲಿಸಬೇಡಿ. ಉತ್ತರಕ್ಕೆ ಹಿಡಿದುಕೊಂಡೇ ಮೂಗನ್ನು 30 ಡಿಗ್ರಿ ಬಗ್ಗಿಸಿ, ಆಮೇಲೆ ಪಕ್ಕಕ್ಕೆ ವಾಲಿಸಿ. ಸಂಖ್ಯೆ ಐದಾರು ಡಿಗ್ರಿ ಕದಲಿದರೆ ಪರವಾಗಿಲ್ಲ. ನಲವತ್ತು, ಐವತ್ತು ಡಿಗ್ರಿ ಓಡಿದರೆ ದಿಕ್ಕಿನ ಸೆಟ್ಟಿಂಗ್ ತಪ್ಪಿದೆ. ಮಟ್ಟಸವಾಗಿದ್ದಾಗ ಸರಿ ತೋರಿಸಿ, ವಾಲಿದಾಗ ಸುಳ್ಳು ಹೇಳುವ ಕಂಪಾಸ್ ಅತಿ ಅಪಾಯಕಾರಿ. ಹಾರಾಟ ಶುರುವಾಗುವುದೇ ವಾಲಿದ ಮೇಲೆ ಅಲ್ವಾ?

ಆರ್ಡುಪೈಲಟ್ ಬಳಸುವವರಿಗೆ ಕಂಪಾಸ್‌ಮಾಟ್ ಅನ್ನುವ ಪರೀಕ್ಷೆಯೂ ಇದೆ. ಮೋಟಾರ್ ತಿರುಗುವಾಗ ಕಂಪಾಸ್ ಎಷ್ಟು ಕದಲುತ್ತದೆ ಅಂತ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. 30ಕ್ಕಿಂತ ಕೆಳಗಿದ್ದರೆ ಸರಿ. 60 ದಾಟಿದರೆ ಮಾಡ್ಯೂಲನ್ನು ಇನ್ನೂ ಮೇಲೆತ್ತಬೇಕು. ಇದಕ್ಕೆ ಪ್ರೊಪೆಲರ್ ಇರಬೇಕಾಗುತ್ತದೆ. ಗಾಳಿ ಮೇಲಕ್ಕೆ ತಳ್ಳಿ ಡ್ರೋನ್ ನೆಲಕ್ಕೆ ಒತ್ತಿಕೊಳ್ಳುವ ಹಾಗೆ ಅವನ್ನು ಮಗುಚಿ, ಪ್ರತಿಯೊಂದನ್ನೂ ಪಕ್ಕದ ಮೋಟಾರಿಗೆ ಸರಿಸಿ ಹಾಕಿ. ಡ್ರೋನನ್ನು ಗಟ್ಟಿಯಾಗಿ ಕಟ್ಟಿ, ದೂರ ನಿಂತು ಮಾಡಿ. ಮುಗಿದ ಮೇಲೆ ಪ್ರೊಪೆಲರ್ ಮೊದಲಿನ ಹಾಗೆ ಹಾಕುವುದನ್ನು ಮರೆಯಬೇಡಿ.

ಮೊದಲ ಹಾರಾಟ

ಹೊಸ ಮಾಡ್ಯೂಲಿಗೆ ಮೊದಲ ಸಲ ಸಮಯ ಕೊಡಿ. ಎಲ್ಲ ಜಿಪಿಎಸ್ ಸ್ಯಾಟಲೈಟ್‌ಗಳು ಎಲ್ಲಿವೆ ಅನ್ನುವ ಒರಟು ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ ಬೇಕು. ಫಿಕ್ಸ್ ಅದಕ್ಕಿಂತ ಮುಂಚೆಯೇ ಬರುತ್ತದೆ, ಆದರೆ ಮೊದಲ ದಿನ ಕಾಲು ಗಂಟೆ ಬಯಲಲ್ಲಿ ಆನ್ ಮಾಡಿ ಬಿಡುವುದು ಒಳ್ಳೆಯದು.

ಆರ್ಮ್ ಮಾಡಿದ, ಅಂದರೆ ಮೋಟಾರ್ ಓಡಲು ಅನುಮತಿ ಕೊಟ್ಟ ಜಾಗವೇ ಸಾಮಾನ್ಯವಾಗಿ ಹೋಮ್. ಫಿಕ್ಸ್ ಬರುವ ಮುಂಚೆ ಆರ್ಮ್ ಮಾಡುವ ಅನುಮತಿ ಕೊಟ್ಟಿದ್ದರೆ ಡ್ರೋನ್‌ಗೆ ಹೋಮ್ ಇರುವುದೇ ಇಲ್ಲ, ಅಥವಾ ತಪ್ಪು ಜಾಗದಲ್ಲಿರುತ್ತದೆ. ಬೀಟಾಫ್ಲೈಟ್ ಡೀಫಾಲ್ಟ್ ಆಗಿ 8 ಸ್ಯಾಟಲೈಟ್ ಕೇಳುತ್ತದೆ. ಕಾಯುವುದು ಬೇಜಾರು ಅಂತ ಅದನ್ನು ಇಳಿಸಬೇಡಿ. ನಾಲ್ಕೂ ವ್ಯವಸ್ಥೆ ಬಳಸುವ ಮಾಡ್ಯೂಲಿಗೆ ಬಯಲಲ್ಲಿ ಎಂಟು ಸಿಗುವುದು ಯಾವ ಲೆಕ್ಕ? ಆನ್ ಸ್ಕ್ರೀನ್ ಡಿಸ್‌ಪ್ಲೇಯಲ್ಲಿ ಹೋಮ್ ದೂರ ಸೊನ್ನೆ ಇದೆಯಾ, ಬಾಣ ಸರಿ ಇದೆಯಾ ನೋಡಿ.

ಮೊದಲು ಜಿಪಿಎಸ್ ಬಳಸದೆ ಡ್ರೋನನ್ನು ಮಟ್ಟಸವಾಗಿ ಮಾತ್ರ ಹಿಡಿಯುವ ಸಾಧಾರಣ ಆ್ಯಂಗಲ್ ಮೋಡಿನಲ್ಲಿ ಎತ್ತಿ, ಮೂರ್ನಾಲ್ಕು ಮೀಟರ್ ಎತ್ತರ ಸಾಕು. ಒಂದೇ ಕಡೆ ನಿಲ್ಲಿಸುವ ಪೊಸಿಷನ್ ಹೋಲ್ಡ್ ಇದ್ದರೆ ಸ್ವಿಚ್ ಹಾಕಿ ಸ್ಟಿಕ್ ಬಿಡಿ, ಬೆರಳು ಸ್ವಿಚ್ ಮೇಲೇ ಇರಲಿ. ಒಂದೆರಡು ಮೀಟರ್ ಒಳಗೆ ಅಲೆದಾಡಿದರೆ ಸರಿಯೇ ಇದೆ. ಸುತ್ತು ಹಾಕಲು ಶುರುಮಾಡಿ, ಆ ಸುತ್ತು ದೊಡ್ಡದಾಗುತ್ತಾ ಹೋದರೆ ತಕ್ಷಣ ಆ್ಯಂಗಲ್ ಮೋಡಿಗೆ ಬಂದು ಇಳಿಸಿ. ಇದಕ್ಕೆ ಟಾಯ್ಲೆಟ್ ಬೌಲಿಂಗ್ ಅನ್ನುತ್ತಾರೆ. ಕಾರಣ ಬಹುತೇಕ ಕಂಪಾಸ್, ಜಿಪಿಎಸ್ ಅಲ್ಲ.

ಅದು ದಾಟಿದರೆ ಸ್ವಲ್ಪ ದೂರ ಹೋಗಿ ರಿಟರ್ನ್ ಟು ಹೋಮ್ ಹಾಕಿ. ಫರ್ಮ್‌ವೇರ್‌ನಲ್ಲಿ ಕನಿಷ್ಠ ದೂರ ಎಷ್ಟು ಅಂತ ಮೊದಲೇ ನೋಡಿಕೊಂಡು ಅದನ್ನು ದಾಟಿ ಹೋಗಬೇಕು. ಮೂಗು ಮನೆ ಕಡೆ ತಿರುಗಿತಾ, ಎತ್ತರ ಹಿಡಿಯಿತಾ, ನಿಮ್ಮ ಕಡೆಗೇ ಬಂತಾ ನೋಡಿ. ತಪ್ಪು ದಿಕ್ಕಿಗೆ ಹೊರಟರೆ ಎರಡು ಸೆಕೆಂಡೂ ಕಾಯಬೇಡಿ, ಸ್ವಿಚ್ ವಾಪಸ್ ಎಳೆಯಿರಿ.

ಸರಿಬರದಿದ್ದರೆ

ಮಾಡ್ಯೂಲ್ ದೀಪ ಉರಿಯುತ್ತದೆ, ಕಾನ್ಫಿಗರೇಟರಿನಲ್ಲಿ ಏನೂ ಇಲ್ಲ ಅಂದರೆ ಮೊದಲು ಟಿಎಕ್ಸ್, ಆರ್‌ಎಕ್ಸ್ ಅದಲುಬದಲು ಮಾಡಿ, ಆಮೇಲೆ ಯುಆರ್ಟ್ ಸಂಖ್ಯೆ ನೋಡಿ. ಮಾಡ್ಯೂಲ್ ಕಂಡರೂ ಸ್ಯಾಟಲೈಟ್ ಸೊನ್ನೆ ಇದ್ದರೆ ಬಯಲಿಗೆ ಹೋಗಿ, ಕ್ಯಾಮೆರಾ ಆಫ್ ಮಾಡಿ ನೋಡಿ. ಕಂಪಾಸ್ ಮಾತ್ರ ಕಾಣದಿದ್ದರೆ ಎಸ್‌ಡಿಎ, ಎಸ್‌ಸಿಎಲ್ ಪರೀಕ್ಷಿಸಿ, ಚಿಪ್ಪಿನ ಹೆಸರನ್ನೂ ಅನುಮಾನಿಸಿ. ಎಚ್‌ಎಂಸಿ5883ಎಲ್ ಅಂತ ಮಾರುವ ಎಷ್ಟೋ ಮಾಡ್ಯೂಲ್‌ಗಳಲ್ಲಿ ಒಳಗಿರುವುದು ಕ್ಯೂಎಂಸಿ5883ಎಲ್. ಹೆಸರು ಹತ್ತಿರ, ಎಸ್‌ಡಿಎ, ಎಸ್‌ಸಿಎಲ್ ವೈರ್‌ಗಳ ಮೇಲೆ ಅದನ್ನು ಕರೆಯುವ ಐ2ಸಿ ವಿಳಾಸ ಬೇರೆ. ಸೆಟ್ಟಿಂಗ್ ಆಟೋ ಇಟ್ಟರೆ ಹೊಸ ಫರ್ಮ್‌ವೇರ್ ಎರಡನ್ನೂ ಹುಡುಕಿಕೊಳ್ಳುತ್ತದೆ.

ಮಾಡ್ಯೂಲೇ ನಕಲಿ ಇರಬಹುದು ಅಂತ ಅನಿಸಿದರೆ ಬೀಟಾಫ್ಲೈಟ್ ಸಿಎಲ್‌ಐನಲ್ಲಿ (ಆಜ್ಞೆ ಟೈಪ್ ಮಾಡುವ ಟ್ಯಾಬ್) ಜಿಪಿಎಸ್ ಪಾಸ್‌ಥ್ರೂ ಆಜ್ಞೆ ಕೊಟ್ಟು ಯು-ಬ್ಲಾಕ್ಸ್‌ನ ಯು-ಸೆಂಟರ್ ತಂತ್ರಾಂಶ ಜೋಡಿಸಿ. ಎಂ10ಗೆ ಯು-ಸೆಂಟರ್ 2 ಬೇಕು. ಅಲ್ಲಿ ವರ್ಷನ್ ಸಂದೇಶ ಕೇಳಿದರೆ ಚಿಪ್ ತನ್ನ ಫರ್ಮ್‌ವೇರ್ ಮತ್ತು ಪ್ರೋಟೋಕಾಲ್ ವಿವರ ಹೇಳುತ್ತದೆ. ಎಂ10 ಅಂತ ಮಾರಿದ್ದು ಗೆಲಿಲಿಯೋ, ಬೈಡೂ ಎರಡರ ಹೆಸರನ್ನೂ ಹೇಳದಿದ್ದರೆ ಮಾರಿದವರಿಗೆ ವಾಪಸ್ ಕೊಡಿ.